ಮಾಗಡಿ ಕೆರೆಯ ಹೆಬ್ಬಾತು, ಕಿಸೆಯೊಳಗಿನ ಕ್ಯಾಮೆರಾ

ಹನ್ನೆರಡು-ಹದಿನೆಂಟು ಇಂಚಿನ ಪ್ರಿಂಟು. ಒಂಟಿಗಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಪುಕ್ಕದಲ್ಲಿ ಹುದುಗಿಸಿಕೊಂಡ ಮೂರು ಪಟ್ಟೆತಲೆ ಹೆಬ್ಬಾತುಗಳು. ಹುಬ್ಬಳ್ಳಿಯಲ್ಲಿ ಗೆಳೆಯರೆಲ್ಲ ಸೇರಿ ಚಿತ್ರಗಳನ್ನು ತೂಗುಹಾಕಿದಾಗ ಇದರ ಎಡಕ್ಕೂ ಬಲಕ್ಕೂ ಲಕ್ಷದ ಮೇಲಿನ ಲೆನ್ಸುಗಳಲ್ಲಿ ತೆಗೆದ ಚಿತ್ರಗಳಿದ್ದವು. ನೋಡಲು ಬಂದವರಲ್ಲಿ ಪಳಗಿದ ಕಣ್ಣಿನವರೂ ಇದ್ದರು. ಇದು ಅಂಗಿ ಕಿಸೆಯಲ್ಲಿ ಹಿಡಿಸುವ ಕ್ಯಾಮೆರಾದ್ದು ಎಂದು ಒಬ್ಬರೂ ಗುರುತಿಸಲಿಲ್ಲ. "ಲೆನ್ಸ್ ಯಾವ್ದ್ರಿ ಸರ್?" ಎಂದು ಕೇಳಿದವರಿಗೆ ಕ್ಯಾಮೆರಾನೇ ತೆಗೆದು ಕೈಗಿಟ್ಟೆ. ಎರಡು ಚಳಿಗಾಲ "ಇದರಾಗ ಹಕ್ಕಿ ಬರೂದಿಲ್ಲ ಬಿಡೋ, ಮದವಿ ಮನಿ ಫೋಟೊಕ್ಕ ಇಟ್ಕೋ" ಅಂದವರೂ ಅಲ್ಲೇ ಇದ್ದರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನನ್ನದು 40 ಪಟ್ಟು ಜೂಮಿನದು. 24ರಿಂದ 960 ಮಿ.ಮೀ.ಗೆ ಸಮ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರಲ್ಲ, ಆ ಜಾತಿ. ಸಂಖ್ಯೆ ಏರಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಸೆಕೆಂಡ್ ಹ್ಯಾಂಡ್, ಹದಿನೆಂಟು ಸಾವಿರದ ಆಸುಪಾಸು ಕೊಟ್ಟೆ. 150-600 ಲೆನ್ಸು, ಅದಕ್ಕೊಂದು ಬಾಡಿ ಎಂದರೆ ಲಕ್ಷ ದಾಟುತ್ತದೆ. ಬಾಡಿಗೆಗೆ ತಂದರೂ ದಿನಕ್ಕೆ ಸಾವಿರ, ಸಾವಿರದಿನ್ನೂರು, ಮೇಲೆ ಡಿಪಾಸಿಟ್ಟು. ಹಕ್ಕಿ ಬಾರದ ದಿನವೂ ಬಾಡಿಗೆ ಕೊಡಲೇಬೇಕು. ನನ್ನ ಸಂಬಳಕ್ಕೆ ಅದು ಆಗುವ ಮಾತಲ್ಲ.

ಮೊದಲ ಚಳಿಗಾಲ ಪೂರ್ತಿ ಸೋಲು. ಮಾಗಡಿ ಕೆರೆ ಗದಗಿನಿಂದ 26 ಕಿ.ಮೀ., ಶಿರಹಟ್ಟಿ ತಾಲೂಕು. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಆಮೇಲೆ ಕ್ಯಾಮೆರಾ ಹಿಡಿದವರ ಸಂಖ್ಯೆಯೂ ಹೆಚ್ಚಿತು. ಹಿಮಾಲಯ ದಾಟಿ ಬರುವ ಹೆಬ್ಬಾತುಗಳು ಸುತ್ತಲಿನ ಶೇಂಗಾ, ಕಡಲೆ ಹೊಲಗಳಲ್ಲಿ ಮೇಯ್ದು ಹಗಲು ಕೆರೆಯಲ್ಲಿ ವಿರಮಿಸುತ್ತವೆ. ನಾನು ಊಟದ ಹೊತ್ತಿಗೆ ಹೋಗಿ ಒಡ್ಡಿನ ಮೇಲೆ ನಿಂತು ಪೂರ್ತಿ ಜೂಮ್ ಎಳೆದು ಹೊಡೆಯುತ್ತಿದ್ದೆ. ಮನೆಗೆ ಬಂದು ತೆರೆದರೆ ಪುಕ್ಕವೇ ಇಲ್ಲ, ಬೂದು ಮುದ್ದೆ. ಕೈ ನಡುಗಿತೆಂದು ಟ್ರೈಪಾಡ್ ಒಯ್ದೆ. ಅಷ್ಟೇ ಮುದ್ದೆ. ಫೋಕಸ್ ಕೆಟ್ಟಿದೆಯೆಂದು ಗೋಡೆಗೆ ಪೇಪರ್ ಅಂಟಿಸಿ ಪರೀಕ್ಷಿಸಿದೆ. ಅಕ್ಷರ ಕಡೆದಿಟ್ಟ ಹಾಗೆ ಬಂದವು. ಹಾಗಾದರೆ ಕೆಡುತ್ತಿದ್ದದ್ದು ನಡುವಿನ ಗಾಳಿ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಝಳ 960ರಲ್ಲಿ ಎಲ್ಲವನ್ನೂ ಕದಡುತ್ತದೆ. ಲಕ್ಷದ ಲೆನ್ಸಿನವರಿಗೂ ಇದೇ ಗತಿ, ಅವರು ಅದನ್ನು ಹೊರಗೆ ಹೇಳುವುದಿಲ್ಲ.

ಎರಡನೆಯದು ಬೆಳಕು. ಪೂರ್ತಿ ಎಳೆದಾಗ ಅಪರ್ಚರ್, ಅಂದರೆ ಬೆಳಕು ಒಳಬರುವ ಬಾಯಿ, ಎಫ್6.9; ಸಣ್ಣದೇ. ಬೆಳಕು ಹಿಡಿಯುವ ಸೆನ್ಸರ್ ಆರು ಮಿ.ಮೀ. ಅಗಲ, ನಾಲ್ಕೂವರೆ ಎತ್ತರ. ದೊಡ್ಡ ಕ್ಯಾಮೆರಾಗಳ ಫುಲ್ ಫ್ರೇಮ್ ಸೆನ್ಸರಿನ ಮೂವತ್ತರಲ್ಲಿ ಒಂದು ಭಾಗ. ಸೂರ್ಯ ಹುಟ್ಟುವ ಮುಂಚೆ ಹೋದರೆ ಐಎಸ್‌ಓ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 1600 ಬೇಕು, ಅಲ್ಲಿ ಪುಕ್ಕ ನೀರು ಚೆಲ್ಲಿದ ಜಲವರ್ಣದ ಹಾಗೆ ಹರಡುತ್ತದೆ. ಆಮೇಲೆ ತಿದ್ದಲು ಹೆಚ್ಚು ಅವಕಾಶ ಕೊಡುವ ರಾ ಫೈಲ್ ಇಲ್ಲ, ಕ್ಯಾಮೆರಾನೇ ಕುಗ್ಗಿಸಿ ಕೊಡುವ ಜೆಪೆಗ್ ಮಾತ್ರ. ಹೀಗಾಗಿ ನನಗೆ ಸಿಗುವುದು ಒಂದು ಕಿರಿದಾದ ಕಿಂಡಿ: ಸೂರ್ಯ ಹುಟ್ಟಿ ಅರ್ಧ ಗಂಟೆಯಿಂದ ಒಂಬತ್ತೂವರೆಯವರೆಗೆ. ಗದಗಿನ ಮೊದಲ ಬಸ್ಸು ನಂಬಿದರೆ ಆ ಕಿಂಡಿಯಲ್ಲಿ ಅರ್ಧ ಹೋಗುತ್ತದೆ. ಹಿಂದಿನ ರಾತ್ರಿಯೇ ಲಕ್ಷ್ಮೇಶ್ವರದಲ್ಲಿ ಸೋದರಮಾವನ ಮನೆಗೆ ಹೋಗಿ ಮಲಗಿ, ಮುಂಜಾನೆ ಅವನ ಗಾಡಿ ಇಸಿದುಕೊಂಡು ಹೋಗತೊಡಗಿದ ಮೇಲೆ ಚಿತ್ರಗಳ ಬಣ್ಣವೇ ಬದಲಾಯಿತು.

ಹೊಡೆಯುವ ರೀತಿ ಹೀಗೆ. 960ಕ್ಕೆ ಹೋಗುವುದಿಲ್ಲ, 700ರ ಸುತ್ತ ನಿಲ್ಲಿಸುತ್ತೇನೆ. ಕೊನೆಯ ತುದಿಯಲ್ಲಿ ಸಿಗುವ ದೊಡ್ಡದು ಬರೀ ಗಾತ್ರ, ವಿವರವಲ್ಲ. ಒಂದು ಲೆಕ್ಕ ತಲೆಯಲ್ಲಿರಲಿ: 960ರಲ್ಲಿ ನೂರು ಮೀಟರ್ ದೂರದ ಚೌಕಟ್ಟಿನ ಅಗಲ ಮೂರೂವರೆ ಮೀಟರಿನಷ್ಟು, ಹೆಬ್ಬಾತಿನ ಉದ್ದ ಮುಕ್ಕಾಲು ಮೀಟರ್. ಅಂದರೆ ನೂರು ಮೀಟರಿಗೇ ಹಕ್ಕಿ ಐದನೇ ಒಂದು ಭಾಗ. ಅದಕ್ಕಿಂತ ದೂರದ ಹಕ್ಕಿಗೆ ಬಟನ್ ಒತ್ತುವುದೇ ದಂಡ. ಐವತ್ತು ಮೀಟರಿನೊಳಗೆ ಅವು ತಾವಾಗಿ ಬರಬೇಕು, ನಾವು ಹೋದರೆ ಹಾರುತ್ತವೆ. ಒಡ್ಡಿನ ಯಾವ ಭಾಗದಲ್ಲಿ ಕೂತರೆ ಬರುತ್ತವೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಡಿಸೆಂಬರಿಗೆ ಅಲ್ಲಿ ಜಾತ್ರೆ ಸೇರುತ್ತದೆ, ಹಕ್ಕಿಗಳಿಗೂ ಒಳ್ಳೆಯದಲ್ಲ.

ಟ್ರೈಪಾಡ್ ಬಿಟ್ಟೆ. ಹಳೆ ಪ್ಯಾಂಟಿನ ಕಾಲು ಕತ್ತರಿಸಿ, ಸಜ್ಜಿ ತುಂಬಿ ಎರಡೂ ಬಾಯಿ ಹೊಲಿದ ಚೀಲವೇ ಈಗಿನ ಆಸರೆ. ಮೊದಲು ಜೋಳ ತುಂಬಿದ್ದೆ, ಮಳೆಗಾಲದಲ್ಲಿ ನುಸಿ ಬಿತ್ತು. ಸಜ್ಜಿ ಸಣ್ಣ ಕಾಳು, ಕ್ಯಾಮೆರಾ ಅಲುಗದಂತೆ ಕೂರುತ್ತದೆ. ನೆಲಕ್ಕೆ ಅಂಗಾತ ಅಲ್ಲ, ಬೋರಲು ಮಲಗಬೇಕು. ಎಕ್ಸ್‌ಪೋಷರ್ ಮೈನಸ್ 2/3, ಅಂದರೆ ಚಿತ್ರ ತುಸು ಕಪ್ಪಾಗಿ ಬರುವಂತೆ, ಇಲ್ಲದಿದ್ದರೆ ಹೆಬ್ಬಾತಿನ ಬಿಳಿ ತಲೆ ಸುಟ್ಟುಹೋಗುತ್ತದೆ, ಜೆಪೆಗ್‌ನಲ್ಲಿ ಅದು ಮರಳಿ ಬರುವುದಿಲ್ಲ. ಎರಡು ಸೆಕೆಂಡ್ ಟೈಮರ್. ನಿಂತ ಹಕ್ಕಿಗೆ ಶಟರ್ 1/250 ಸೆಕೆಂಡ್, ಐಎಸ್‌ಓ 100ರಿಂದ 200.

ನಿಜವಾದ ಗೆಲುವು ಬಂದದ್ದು ಇದರ ಮುಂದಿನ ಹೆಜ್ಜೆಯಿಂದ. ಮಲಗಿದ ಹಕ್ಕಿ ಒಂದೆರಡು ಸೆಕೆಂಡ್ ಕಲ್ಲಿನಂತೆ ನಿಂತಿರುತ್ತದೆ. ಆಗ ಒಂದೇ ಚೌಕಟ್ಟನ್ನು ಹತ್ತಿಪ್ಪತ್ತು ಸಲ ಸರಣಿಯಾಗಿ ಹೊಡೆಯುತ್ತೇನೆ. ಮನೆಯಲ್ಲಿ ಅವುಗಳಲ್ಲಿ ಒಳ್ಳೆಯ ಎಂಟೊಂಬತ್ತನ್ನು ಆರಿಸಿ, ಹ್ಯೂಗಿನ್‌ನಲ್ಲಿ ಒಂದರ ಮೇಲೊಂದು ಹೊಂದಿಸಿ, ಗಿಂಪ್‌ನಲ್ಲಿ ಸರಾಸರಿ ತೆಗೆಯುತ್ತೇನೆ. ಎರಡೂ ಪುಕ್ಕಟೆ ತಂತ್ರಾಂಶಗಳು. ಲೆಕ್ಕದ ಪ್ರಕಾರ ಒಂಬತ್ತು ಚಿತ್ರ ಕೂಡಿಸಿದರೆ ನಾಯ್ಸ್ (ಚಿತ್ರದ ಮೇಲಿನ ಮರಳಿನಂಥ ಕಾಳು) ಮೂರನೇ ಒಂದಕ್ಕೆ ಇಳಿಯಬೇಕು. ಜೆಪೆಗ್ ಆದ್ದರಿಂದ ಅಷ್ಟು ಸಿಗುವುದಿಲ್ಲ, ಅರ್ಧಕ್ಕೆ ಇಳಿದರೂ ಪುಕ್ಕದ ಎಳೆ ಎದ್ದು ಬರುತ್ತದೆ. ಗಾಳಿಯ ಅಲುಗಾಟವೂ ಸರಾಸರಿಯಲ್ಲಿ ಕರಗುತ್ತದೆ. ಪ್ರದರ್ಶನಕ್ಕಿಟ್ಟದ್ದು ಹೀಗೆ ಕೂಡಿಸಿದ್ದೇ. ಕೂಡಿಸಿದ ಮೇಲೆ ಅಂಚುಗಳಿಗೆ ಹರಿತ (ಶಾರ್ಪನಿಂಗ್) ಎಷ್ಟು, ಯಾವ ಅಳತೆಯಲ್ಲಿ ಕೊಡುತ್ತೇನೆ ಎನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ, ಒಂದು ಬೇಸಿಗೆ ಪೂರ್ತಿ ಅದಕ್ಕೇ ಹೋಗಿದೆ.

ಹಾರುವ ಹಕ್ಕಿಗೆ ಈ ಉಪಾಯ ನಡೆಯದು. 1/1000 ಇಟ್ಟರೆ ಐಎಸ್‌ಓ ಐನೂರು-ಆರುನೂರು ಮುಟ್ಟುತ್ತದೆ, ಅದನ್ನಾದರೂ ಸಹಿಸಬಹುದು. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲದ್ದು ದೊಡ್ಡ ಕೊರತೆ. ಬಿಸಿಲಲ್ಲಿ ಪರದೆ ಕಾಣದು, ಜೂಮ್ ಎಳೆದ ಮೇಲೆ ಆಕಾಶದಲ್ಲಿ ಹಕ್ಕಿ ಹುಡುಕುವಷ್ಟರಲ್ಲಿ ಅದು ಕೆರೆ ದಾಟಿರುತ್ತದೆ. ಸೋನಿ ಎಚ್‌ಎಕ್ಸ್90ವಿಯಂಥವುಗಳಲ್ಲಿ ಮೇಲಕ್ಕೇಳುವ ಪುಟ್ಟ ವ್ಯೂಫೈಂಡರ್ ಇದೆ, ಆದರೆ ಜೂಮ್ 720ಕ್ಕೆ ಮುಗಿಯುತ್ತದೆ. 700ರಲ್ಲೇ ಕೆಲಸ ಮಾಡುವ ನನಗೆ ಈಗ ಕೊಳ್ಳುವುದಾದರೆ ಅದೇ ಸರಿ ಎನಿಸುತ್ತದೆ. ಸದ್ಯ ಕ್ಯಾಮೆರಾದ ನೆತ್ತಿಗೆ ಗುರಿ ಹಿಡಿಯಲು ಒಂದು ವಸ್ತು ಅಂಟಿಸಿದ್ದೇನೆ, ಐದು ರೂಪಾಯಿಯದು. ಹತ್ತರಲ್ಲಿ ಆರು ಸಲ ಹಕ್ಕಿ ಚೌಕಟ್ಟಿನೊಳಗೆ ಸಿಗುತ್ತದೆ.

ಬೇರೆ ಕಡೆಯೂ ಒಯ್ದು ನೋಡಿದೆ. ಲಕ್ಕುಂಡಿಯಲ್ಲಿ ಇದು ರಾಜ. ಕಾಶಿ ವಿಶ್ವೇಶ್ವರ ಗುಡಿಯ ಶಿಖರದ ಸೂಕ್ಷ್ಮ ಕೆತ್ತನೆಯನ್ನು ನೆಲದ ಮೇಲೆ ನಿಂತೇ ತೆಗೆಯಬಹುದು, ಕಲ್ಲು ಅಲುಗುವುದಿಲ್ಲ, ಸಾಯಂಕಾಲದ ಓರೆ ಬಿಸಿಲು ಸಾಕು. ಚಂದ್ರನೂ ಸಲೀಸು: 960ರಲ್ಲಿ ಚೌಕಟ್ಟಿನ ಎತ್ತರದ ಮೂರನೇ ಒಂದು ಭಾಗ ತುಂಬುತ್ತಾನೆ, ಐಎಸ್‌ಓ 100, 1/250. ಬಂಕಾಪುರ ಕೋಟೆಯ ನವಿಲು ಪೊದೆಯ ನೆರಳಲ್ಲೇ ಇರುವುದರಿಂದ ಐಎಸ್‌ಓ ಏರಿ ಏರಿ ಕುತ್ತಿಗೆಯ ನೀಲಿಯೇ ಕೆಟ್ಟಿತು. ಹಾವೇರಿ ಕಡೆಯ ಕೊಬ್ಬರಿ ಹೋರಿ ಸ್ಪರ್ಧೆಯಲ್ಲಿ ಫೋಕಸ್ ಹಿಡಿಯುವಷ್ಟರಲ್ಲಿ ಹೋರಿ ಜನರ ನಡುವೆ ಮಾಯ. ಅಲ್ಲಿ ವಿಡಿಯೊ ಹೊಡೆಯುವುದೇ ಮೇಲು. ಲೆನ್ಸಿನ ಮುಂದೆ ಬೈನಾಕ್ಯುಲರ್ ಹಿಡಿದೂ ನೋಡಿದೆ, ಅಂಚಿಗೆಲ್ಲ ಕಪ್ಪು ವೃತ್ತ ಬಂತು, ಬಿಟ್ಟುಬಿಟ್ಟೆ.

ರೊಕ್ಕದ ಮಾತು. ಬ್ಯಾಟರಿ ದೊಡ್ಡ ಖರ್ಚು. ಚಳಿಯಲ್ಲಿ, ಜೂಮ್ ಹಿಂದೆಮುಂದೆ ಆಡಿಸುತ್ತಿದ್ದರೆ ಇನ್ನೂರು ಚಿತ್ರಕ್ಕೆ ಮುಗಿಯುತ್ತದೆ, ಸರಣಿ ಹೊಡೆಯುವವನಿಗೆ ಎರಡು ಹೆಚ್ಚಿಗೆ ಬೇಕು. ಅಗ್ಗದವು ಒಂಬೈನೂರರ ಆಸುಪಾಸು ಸಿಕ್ಕವು, ಒಂದು ಆರು ತಿಂಗಳಲ್ಲಿ ಉಬ್ಬಿತು. ಈಗ ಕಂಪನಿಯದ್ದನ್ನೇ ಕೊಳ್ಳುತ್ತೇನೆ. ಹೆಬ್ಬಾತಿನ ಕ್ಯಾಲೆಂಡರ್ ಮಾಡಿಸಿದೆ, ನೂರೈವತ್ತು ಪ್ರತಿ, ಒಂಬತ್ತು ಸಾವಿರದಷ್ಟು ಬಿತ್ತು. ನೂರಿಪ್ಪತ್ತು ರೂಪಾಯಿಯಂತೆ ಬಹುತೇಕ ಎಲ್ಲ ಮಾರಿದವು. ಇನ್ನೊಂದು ವರ್ಷ ಹೀಗೇ ನಡೆದರೆ ಕ್ಯಾಮೆರಾದ ಖರ್ಚು ಪೂರ್ತಿ ಹುಟ್ಟುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದನ್ನು ತಪ್ಪದೆ ನೋಡಿ. ಇವುಗಳ ಲೆನ್ಸು ಹೊರಗೆ ಬಂದು ಒಳಗೆ ಹೋಗುವಾಗ ದೂಳನ್ನೂ ಎಳೆದುಕೊಳ್ಳುತ್ತದೆ. ನಮ್ಮ ಎರೆಮಣ್ಣಿನ ದೂಳು ಇನ್ನೂ ಸಣ್ಣ. ಪೂರ್ತಿ ಜೂಮ್ ಎಳೆದು, ಮೋಡವಿಲ್ಲದ ಆಕಾಶಕ್ಕೆ ಹಿಡಿದು ಒಂದು ಚಿತ್ರ ತೆಗೆಯಿರಿ. ಬೂದು ಚುಕ್ಕೆ ಕಂಡರೆ ಮಾರುವವನು ಎಷ್ಟೇ ಇಳಿಸಿದರೂ ಬೇಡ. ಬಿಚ್ಚಿ ಒರೆಸಲು ನನಗೆ ಒಂದು ಕಡೆ ಎರಡೂವರೆ ಸಾವಿರ ಹೇಳಿದರು, ಇನ್ನೊಂದು ಕಡೆ ಮುಟ್ಟುವುದೇ ಇಲ್ಲ ಎಂದರು. ನಾನು ಈಗ ಕೆರೆಯ ದಾರಿಯಲ್ಲಿ ಅದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಯ್ಯುತ್ತೇನೆ, ಮಲಗಿ ಗುರಿ ಹಿಡಿದ ಮೇಲೆಯೇ ಆನ್ ಮಾಡುತ್ತೇನೆ.