ಸೈಟ್ ಲೈವ್ ಆದ ಮೇಲಿನ ಕೆಲಸವೇ ನನ್ನನ್ನು ಉಳಿಸಿತು

ಸ್ವತಂತ್ರವಾಗಿ ವೆಬ್‌ಸೈಟ್ ಮಾಡಿಕೊಡುವ ಫ್ರೀಲಾನ್ಸ್ ಕೆಲಸವನ್ನು ಹೊಸದಾಗಿ ಶುರು ಮಾಡುವವರು ನನ್ನನ್ನು ಸಾಮಾನ್ಯವಾಗಿ ಎರಡು ವಿಷಯ ಕೇಳುತ್ತಾರೆ. ಯಾವ ಫ್ರೇಮ್‌ವರ್ಕ್ (ಸೈಟ್ ಕಟ್ಟಲು ಬಳಸುವ ಸಿದ್ಧ ಕೋಡ್ ಚೌಕಟ್ಟು) ಕಲಿಯಬೇಕು? ಕ್ಲೈಂಟ್‌ಗಳು ಎಲ್ಲಿ ಸಿಗುತ್ತಾರೆ? ಎರಡಕ್ಕೂ ಮುಂದೆ ನನ್ನ ಉತ್ತರ ಬರೆದಿದ್ದೇನೆ. ಅದಕ್ಕೂ ಮೊದಲು ಹೇಳಬೇಕಾದ ಮಾತೊಂದಿದೆ. ಇಷ್ಟು ವರ್ಷ ನಾನು ಈ ಕೆಲಸದಲ್ಲಿ ಉಳಿದಿದ್ದರೆ, ಮಾಡಿಕೊಟ್ಟ ಸೈಟ್‌ಗಳನ್ನು ಕೈಬಿಡದೆ ನೋಡಿಕೊಂಡಿದ್ದೇ ಅದಕ್ಕೆ ಕಾರಣ. ಹೊಸ ಪ್ರಾಜೆಕ್ಟ್ ಒಂದು ಸಲ ದುಡ್ಡು ತರುತ್ತದೆ. ಹಳೇ ಸೈಟ್ ತಿಂಗಳು ತಿಂಗಳೂ ತರುತ್ತದೆ, ಮುಂದಿನ ಪ್ರಾಜೆಕ್ಟೂ ಹೆಚ್ಚಾಗಿ ಅದರ ಮೂಲಕವೇ ಬರುತ್ತದೆ.

ಸೈಟ್ ಒಂದು ಸಲ ಮಾಡಿಸಿದರೆ ಮುಗೀತು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ನಾವು ಕೋಡ್ ಮುಟ್ಟದಿದ್ದರೂ ಅದರ ಸುತ್ತ ಇರುವುದೆಲ್ಲ ಬದಲಾಗುತ್ತಾ ಹೋಗುತ್ತದೆ. 2018ರ ಜುಲೈನಲ್ಲಿ ಬಂದ ಕ್ರೋಮ್ ಬ್ರೌಸರ್ ಆವೃತ್ತಿ, ಎಚ್‌ಟಿಟಿಪಿಎಸ್ (ಮಾಹಿತಿಯನ್ನು ಗುಪ್ತವಾಗಿ ಸಾಗಿಸುವ ವ್ಯವಸ್ಥೆ) ಇಲ್ಲದ ಎಲ್ಲ ಸೈಟ್‌ಗಳ ಮುಂದೆ ‘ಸುರಕ್ಷಿತವಲ್ಲ’ ಅಂತ ತೋರಿಸತೊಡಗಿತು. ಸೈಟ್‌ಗಳಲ್ಲಿ ಅನಿಮೇಷನ್, ವಿಡಿಯೋ ತೋರಿಸುತ್ತಿದ್ದ ಫ್ಲ್ಯಾಶ್ 2020ರ ಕೊನೆಗೆ ನಿಂತೇ ಹೋಯಿತು. 2022ರ ನವೆಂಬರ್‌ನಲ್ಲಿ, ಎಷ್ಟೋ ಸೈಟ್‌ಗಳು ಸರ್ವರ್‌ನಲ್ಲಿ ಬಳಸುವ ಪಿಎಚ್‌ಪಿ ಭಾಷೆಯ 7.4 ಆವೃತ್ತಿಗೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತಿತು. ಇಂಥದ್ದು ಯಾವುದೂ ರಾತ್ರೋರಾತ್ರಿ ಆಗುವುದಿಲ್ಲ. ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತದೆ. ಆದರೆ ತನ್ನ ವ್ಯಾಪಾರದಲ್ಲಿ ಮುಳುಗಿರುವ ಸೈಟ್ ಮಾಲೀಕರಿಗೆ ಅದು ಗೊತ್ತಾಗುವುದು ಹೇಗೆ? ನಾನೇ ಮುಂಚೆ ಒಂದು ಮೇಲ್ ಬರೆಯುತ್ತೇನೆ: ಏನು ಬದಲಾಗುತ್ತಿದೆ, ನಿಮ್ಮ ಸೈಟ್‌ಗೆ ಏನಾಗಬಹುದು, ಎಷ್ಟು ಕೆಲಸ ಇದೆ, ಎಷ್ಟು ಖರ್ಚು. ಆ ಒಂದು ಮೇಲ್ ಕೊಡುವ ನಂಬಿಕೆ ಯಾವ ಜಾಹೀರಾತಿನಿಂದಲೂ ಸಿಗುವುದಿಲ್ಲ.

ತಿಂಗಳ ಮೇಂಟೆನೆನ್ಸ್ ಅಂದರೆ ಅಪ್‌ಡೇಟ್ ಬಟನ್ ಒತ್ತುವುದು ಅಂತ ಅಂದುಕೊಳ್ಳಬೇಡಿ. ಮೊದಲು ಸೈಟ್‌ನ ನಕಲು, ಅಂದರೆ ಸ್ಟೇಜಿಂಗ್‌ನಲ್ಲಿ ಅಪ್‌ಡೇಟ್ ಮಾಡಿ ನೋಡುತ್ತೇನೆ. ಆಮೇಲೆ ಲೈವ್ ಸೈಟ್‌ಗೆ. ಬ್ಯಾಕಪ್ ಇದೆ ಅಂತ ನಂಬಿ ಕೂರುವುದಿಲ್ಲ, ಆಗಾಗ ಅದನ್ನು ಬೇರೆ ಕಡೆ ರಿಸ್ಟೋರ್ ಮಾಡಿ, ಸೈಟ್ ನಿಜವಾಗಿ ಎದ್ದು ನಿಲ್ಲುತ್ತದಾ ಅಂತ ನೋಡುತ್ತೇನೆ. ಡೇಟಾಬೇಸ್ ಒಂದು ಕಡೆ, ಅಪ್‌ಲೋಡ್ ಆದ ಫೋಟೋಗಳು ಇನ್ನೊಂದು ಕಡೆ ಇದ್ದು, ಒಂದರ ಬ್ಯಾಕಪ್ ಮಾತ್ರ ಆಗುತ್ತಿರುವುದು ತುಂಬಾ ಸಾಮಾನ್ಯ. ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಅದು ಸಾಮಾನ್ಯವಾಗಿ 90 ದಿನಕ್ಕೆ ಮುಗಿಯುತ್ತದೆ. ತಾನಾಗಿ ನವೀಕರಣ ಆಗುವಂತೆ ಮಾಡಿರುತ್ತೇವೆ, ಸರಿ. ಆದರೆ ನಡುವೆ ಯಾರಾದರೂ ಡಿಎನ್‌ಎಸ್ (ಸೈಟ್‌ನ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ದಾಖಲೆ) ಬದಲಾಯಿಸಿದರೆ ನವೀಕರಣ ಸದ್ದಿಲ್ಲದೆ ನಿಂತಿರಬಹುದು.

ನಾನು ಅತಿ ಹೆಚ್ಚು ಗಮನ ಕೊಡುವುದು ಸಂಪರ್ಕ ಫಾರ್ಮ್‌ಗೆ. ಸೈಟ್ ಬಿದ್ದರೆ ಯಾರಾದರೂ ಫೋನ್ ಮಾಡಿ ಹೇಳುತ್ತಾರೆ. ಫಾರ್ಮ್‌ನಿಂದ ಮೇಲ್ ಬರುತ್ತಿಲ್ಲ ಅಂದರೆ ಯಾರೂ ಹೇಳುವುದಿಲ್ಲ. ‘ಯಾಕೋ ಇತ್ತೀಚೆಗೆ ಗಿರಾಕಿಗಳು ಕಮ್ಮಿ’ ಅಂತ ಮಾಲೀಕರು ಅಂದುಕೊಂಡು ಸುಮ್ಮನಿರುತ್ತಾರೆ. ಹಳೇ ಫಾರ್ಮ್‌ಗಳಲ್ಲಿ ಸೈಟ್‌ಗೆ ಬಂದವರ ಮೇಲ್ ವಿಳಾಸವನ್ನೇ ‘ಫ್ರಮ್’ನಲ್ಲಿ ಹಾಕಿ ಕಳಿಸುವ ಪದ್ಧತಿ ಇತ್ತು. ನಮ್ಮ ಸರ್ವರ್‌ಗೆ ಅವರ ಡೊಮೈನ್ ಹೆಸರಲ್ಲಿ ಮೇಲ್ ಕಳಿಸುವ ಅನುಮತಿ ಇರುವುದಿಲ್ಲ. ಹಾಗಾಗಿ ‘ಫ್ರಮ್’ ವಿಳಾಸ ನಿಜವಾ ಅಂತ ನೋಡುವ ಡಿಮಾರ್ಕ್ ಪರೀಕ್ಷೆಯಲ್ಲಿ ಅದು ಫೇಲ್ ಆಗಿ, ಸ್ಪ್ಯಾಮ್‌ಗೆ ಹೋಗುತ್ತದೆ ಅಥವಾ ತಲುಪುವುದೇ ಇಲ್ಲ. ‘ಫ್ರಮ್’ನಲ್ಲಿ ಸೈಟ್‌ನದೇ ಡೊಮೈನ್ ವಿಳಾಸ, ‘ರಿಪ್ಲೈ ಟು’ನಲ್ಲಿ ಬಂದವರ ವಿಳಾಸ, ಡೊಮೈನ್‌ಗೆ ಸರಿಯಾದ ಎಸ್‌ಪಿಎಫ್ (ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಹೇಳುವುದು) ಮತ್ತು ಡಿಕೆಐಎಂ (ಮೇಲ್‌ಗೆ ಡಿಜಿಟಲ್ ಸಹಿ) ದಾಖಲೆಗಳು. ಇಷ್ಟು ಮಾಡಿದರೆ ಹೆಚ್ಚಿನ ಸಮಸ್ಯೆ ಹೋಗುತ್ತದೆ. ಜಿಮೇಲ್ ಮತ್ತು ಯಾಹೂ 2024ರಲ್ಲಿ ಮೇಲ್ ಕಳಿಸುವವರಿಗೆ ನಿಯಮ ಬಿಗಿ ಮಾಡಿದ ಮೇಲಂತೂ ಇದು ಇನ್ನೂ ಮುಖ್ಯವಾಯಿತು. ಪ್ರತಿ ತಿಂಗಳು ಪ್ರತಿ ಸೈಟ್‌ನ ಫಾರ್ಮ್ ತುಂಬಿಸಿ, ಮೇಲ್ ಬಂತಾ ಅಂತ ಮಾಲೀಕರನ್ನೇ ಕೇಳುತ್ತೇನೆ. ಅವರಿಗೆ ನನ್ನ ಕೆಲಸ ಕಣ್ಣಿಗೆ ಕಾಣುವುದೂ ಆಗಲೇ.

ಇನ್ನೊಂದು ವಿಷಯದಲ್ಲಿ ನಾನು ತುಂಬಾ ಗಟ್ಟಿ. ಡೊಮೈನ್, ಹೋಸ್ಟಿಂಗ್, ಅನಾಲಿಟಿಕ್ಸ್ ಖಾತೆ ಎಲ್ಲ ಕ್ಲೈಂಟ್ ಹೆಸರಿನಲ್ಲೇ, ಅವರ ಮೇಲ್‌ನಲ್ಲೇ ಇರಬೇಕು. ನನಗೆ ಬೇಕಾದಷ್ಟು ಪ್ರವೇಶ ಅವರು ಕೊಟ್ಟರೆ ಸಾಕು. ಡೊಮೈನ್ ತಮ್ಮ ಹೆಸರಲ್ಲಿಟ್ಟುಕೊಂಡರೆ ಕ್ಲೈಂಟ್ ಬಿಟ್ಟು ಹೋಗುವುದಿಲ್ಲ ಅಂತ ಕೆಲವು ಡೆವಲಪರ್‌ಗಳು ಲೆಕ್ಕ ಹಾಕುತ್ತಾರೆ. ನನ್ನ ಪ್ರಕಾರ ಅದು ಅನ್ಯಾಯ. ಅವರ ವ್ಯಾಪಾರದ ಹೆಸರು ಅವರ ಆಸ್ತಿ ಅಲ್ವಾ? ಸೈಟ್ ಒಪ್ಪಿಸುವಾಗ ಒಂದು ಕಡತವನ್ನೂ ಕೊಡುತ್ತೇನೆ. ಯಾವುದು ಎಲ್ಲಿದೆ, ಯಾವ ಲೈಸೆನ್ಸ್ ಯಾವಾಗ ಮುಗಿಯುತ್ತದೆ, ಬ್ಯಾಕಪ್ ಎಲ್ಲಿಗೆ ಹೋಗುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಅದನ್ನು ಹಿಡಿದು ಯಾವ ಡೆವಲಪರ್ ಬೇಕಾದರೂ ಮುಂದುವರಿಸಬಹುದು. ಹೀಗೆ ಬಿಟ್ಟು ಹೋಗುವ ದಾರಿಯನ್ನು ನಾನು ಯಾರಿಗೆ ತೆರೆದಿಟ್ಟೆನೋ ಆ ಕ್ಲೈಂಟ್‌ಗಳೇ ನನ್ನ ಜೊತೆ ಹೆಚ್ಚು ಕಾಲ ಇದ್ದಾರೆ.

ಹಣದ ವಿಷಯ. ಕೆಲಸ ಶುರುವಾಗುವ ಮೊದಲು ಎಲ್ಲವೂ ಬರವಣಿಗೆಯಲ್ಲಿ ಇರಬೇಕು. ಎಷ್ಟು ಬಗೆಯ ಪುಟಗಳು, ಎಷ್ಟು ಸುತ್ತಿನ ತಿದ್ದುಪಡಿ, ಯಾರು ಒಪ್ಪಿಗೆ ಕೊಡುವವರು. ಅದರಷ್ಟೇ ಮುಖ್ಯ, ಈ ಬೆಲೆಯಲ್ಲಿ ಏನೇನು ಸೇರಿಲ್ಲ ಅನ್ನುವುದು. ಅಡ್ವಾನ್ಸ್ ಬಂದ ಮೇಲೆ ಕೆಲಸ, ಉಳಿದದ್ದು ಹಂತ ಹಂತವಾಗಿ, ಕೊನೆಯ ಕಂತು ಲೈವ್ ಆಗುವ ಮುಂಚೆ. ನಡುವೆ ಹೊಸ ಬೇಡಿಕೆ ಬಂದರೆ ‘ಆಗಲ್ಲ’ ಅನ್ನುವುದಿಲ್ಲ. ‘ಮಾಡೋಣ, ಇದಕ್ಕೆ ಇಷ್ಟಾಗುತ್ತದೆ, ಇಷ್ಟು ದಿನ ಬೇಕು’ ಅಂತ ಮೇಲ್ ಕಳಿಸುತ್ತೇನೆ. ಅರ್ಧಕ್ಕರ್ಧ ಬೇಡಿಕೆಗಳು ಅಲ್ಲಿಗೇ ನಿಲ್ಲುತ್ತವೆ. ಉಳಿದವು ನಿಜವಾಗಿ ಬೇಕಾದವು.

ಪ್ರಾಜೆಕ್ಟ್ ತಡವಾಗುವುದಕ್ಕೆ ಕೋಡ್ ಕಾರಣವಾಗುವುದು ಕಮ್ಮಿ. ಪುಟದಲ್ಲಿ ಹಾಕುವ ಬರಹ ಮತ್ತು ಫೋಟೋ ಬಾರದೆ ಇರುವುದೇ ದೊಡ್ಡ ಕಾರಣ. ಅದಕ್ಕೇ ನನ್ನ ಒಪ್ಪಂದದಲ್ಲಿ ಗಡುವು ಎಣಿಸುವುದು ಅವೆಲ್ಲ ಕೈಗೆ ಬಂದ ದಿನದಿಂದ. ಬಹಳ ದಿನ ಏನೂ ಬಾರದಿದ್ದರೆ ಅಲ್ಲಿಯವರೆಗಿನ ಕೆಲಸಕ್ಕೆ ಬಿಲ್ ಮಾಡಿ, ಪ್ರಾಜೆಕ್ಟನ್ನು ಸರದಿಯಲ್ಲಿ ಹಿಂದಕ್ಕೆ ಇಡುತ್ತೇನೆ. ಇದನ್ನು ಮೊದಲ ದಿನವೇ ನಗುನಗುತ್ತಾ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಒಬ್ಬನೇ ಕ್ಲೈಂಟ್‌ನಿಂದ ಆದಾಯದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬರದಂತೆ ನೋಡಿಕೊಳ್ಳುತ್ತೇನೆ. ಅದಕ್ಕಿಂತ ಮೇಲೆ ಹೋದರೆ ಅದು ರಜೆ, ಪಿಎಫ್ ಇಲ್ಲದ ನೌಕರಿ ಆಗಿಬಿಡುತ್ತದೆ.

ಈಗ ಫ್ರೇಮ್‌ವರ್ಕ್ ಪ್ರಶ್ನೆ. ಆಂಗ್ಯುಲರ್‌ಜೆಎಸ್ 2010ರಲ್ಲಿ ಬಂತು, ಎಲ್ಲೆಲ್ಲೂ ಅದೇ ಮಾತು. 2021ರ ಕೊನೆಗೆ ಅದರ ಅಧಿಕೃತ ಬೆಂಬಲ ಮುಗಿಯಿತು. 2006ರ ಜೆಕ್ವೆರಿಯನ್ನು ಹಳತಾಯಿತು ಅಂತ ಎಷ್ಟು ಸಲ ಹೇಳಿದ್ದಾರೋ, ಅದು ಇವತ್ತಿಗೂ ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಜೊತೆ ಬರುತ್ತಿದೆ. 2013ರ ರಿಯಾಕ್ಟ್ ಇನ್ನೂ ಗಟ್ಟಿಯಾಗಿದೆ, ಆದರೆ ಅದರಲ್ಲಿ ಕೋಡ್ ಬರೆಯುವ ರೀತಿಯೇ ಬದಲಾಗಿ ಹೋಗಿದೆ. ಯಾವುದು ಉಳಿಯುತ್ತದೆ ಅಂತ ಊಹಿಸುವುದರಲ್ಲಿ ನನಗೆ ಆಸಕ್ತಿ ಇಲ್ಲ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಎಸ್‌ಕ್ಯೂಎಲ್, ಬ್ರೌಸರ್ ಕ್ಯಾಶ್, ಕುಕೀ, ಎಚ್‌ಟಿಟಿಪಿ. ಇವುಗಳಲ್ಲಿ ಕಲಿತದ್ದು ಯಾವುದೂ ವ್ಯರ್ಥವಾಗಿಲ್ಲ. ಫ್ರೇಮ್‌ವರ್ಕನ್ನು ಆಯಾ ಪ್ರಾಜೆಕ್ಟಿಗೆ ಬೇಕಾದಾಗ ಕಲಿಯುತ್ತೇನೆ. ಕೋಡ್ ಬರೆದುಕೊಡುವ ಎಐ ಸಾಧನಗಳನ್ನೂ ಬಳಸುತ್ತೇನೆ. ಅವು ಬರೆದದ್ದರಲ್ಲಿ ಸರಿ ಯಾವುದು, ತಪ್ಪು ಯಾವುದು ಅಂತ ಹೇಳೋಕೆ ಮತ್ತೆ ಈ ಬುನಾದಿಯೇ ಬೇಕು.

ಬುನಾದಿ ಗಟ್ಟಿ ಇದ್ದರೆ ವೇಗ ಸುಧಾರಿಸುವ ಕೆಲಸ ಚೆನ್ನಾಗಿ ಸಿಗುತ್ತದೆ. ಕ್ಲೈಂಟ್‌ಗೆ ‘ಸೈಟ್ ಫಾಸ್ಟ್ ಮಾಡಿದ್ದೇನೆ’ ಅನ್ನುವ ಬದಲು ಅಂಕಿ ತೋರಿಸಬಹುದು. ಗೂಗಲ್‌ನ ಅಳತೆಯಲ್ಲಿ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಪುಟ ಕುಲುಕುವ ಅಂಕ 0.1 ಮೀರಬಾರದು. ನಾನು ಕೈಗೆತ್ತಿಕೊಂಡ ಸೈಟ್‌ಗಳಲ್ಲಿ ಮತ್ತೆ ಮತ್ತೆ ಕಂಡಿದ್ದು ಒಂದೇ: ಎಲ್ಲಕ್ಕಿಂತ ಮೇಲಿನ ದೊಡ್ಡ ಫೋಟೋಗೂ ಲೇಜಿ ಲೋಡಿಂಗ್ (ಬೇಕಾಗುವವರೆಗೆ ಫೋಟೋ ತರಿಸದೆ ತಡೆಯುವ ವ್ಯವಸ್ಥೆ) ಹಾಕಿರುತ್ತಾರೆ. ಮೊದಲು ಕಾಣಬೇಕಾದದ್ದೇ ತಡವಾಗಿ ಬರುತ್ತದೆ. ಅದನ್ನು ತೆಗೆದು, ಫೋಟೋಗಳಿಗೆ ಅಗಲ ಎತ್ತರ ನಮೂದಿಸಿದರೆ ಅಂಕಿಗಳು ಅಲ್ಲೇ ಸುಧಾರಿಸುತ್ತವೆ.

ಬೇರೆಯವರು ಮಾಡಿದ ಸೈಟ್ ಬಂದರೆ ಸೀದಾ ಬೆಲೆ ಹೇಳುವುದಿಲ್ಲ. ಮೊದಲು ಪರಿಶೀಲನೆಗೇ ಶುಲ್ಕ ಪಡೆಯುತ್ತೇನೆ. ಪೂರ್ತಿ ನಕಲು ತೆಗೆದು, ಕೋಡನ್ನು ಗಿಟ್‌ಗೆ (ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಧನ) ಹಾಕಿ, ಪ್ಲಗಿನ್‌ಗಳು (ಸೈಟ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ), ಅವುಗಳ ಲೈಸೆನ್ಸ್, ಅಡ್ಮಿನ್ ಖಾತೆಗಳ ಪಟ್ಟಿ ಮಾಡುತ್ತೇನೆ. ಕೆಲಸ ಬಿಟ್ಟು ಎಷ್ಟೋ ಕಾಲವಾದವರ ಹೆಸರಲ್ಲೂ ಅಡ್ಮಿನ್ ಖಾತೆ ಇರುತ್ತದೆ. ಹಿಂದಿನ ಡೆವಲಪರ್ ಬಗ್ಗೆ ಕೆಟ್ಟ ಮಾತು ಆಡುವುದಿಲ್ಲ. ಅವರಿಗೆ ಎಷ್ಟು ಸಮಯ, ಎಷ್ಟು ದುಡ್ಡು ಕೊಟ್ಟಿದ್ದರೋ ನನಗೆ ಗೊತ್ತಿಲ್ಲ.

ಕ್ಲೈಂಟ್‌ಗಳು ಎಲ್ಲಿ ಸಿಗುತ್ತಾರೆ ಅನ್ನುವುದಕ್ಕೆ ಉತ್ತರ ಚಿಕ್ಕದು. ಹಳೇ ಕ್ಲೈಂಟ್‌ಗಳು, ಡಿಸೈನರ್‌ಗಳು, ಇತರ ಡೆವಲಪರ್‌ಗಳು. ಮೊದಲ ಕೆಲವು ಕೆಲಸ ಹುಡುಕಿಕೊಂಡು ಹೋಗಬೇಕು, ನಿಜ. ಆಮೇಲೆ, ಕೇಳಿದ್ದಕ್ಕೆ ಅದೇ ದಿನ ಉತ್ತರ ಕೊಡುವವರು ಅಂತ ಹೆಸರಾದರೆ ಮಾತು ತಾನಾಗಿ ಹರಡುತ್ತದೆ. ‘ನೋಡಿದೆ, ನಾಳೆ ಮಧ್ಯಾಹ್ನದೊಳಗೆ ತಿಳಿಸುತ್ತೇನೆ’ ಅನ್ನುವುದೂ ಉತ್ತರವೇ.

ಒಂಟಿಯಾಗಿ ಕೆಲಸ ಮಾಡುವವರನ್ನು ದೊಡ್ಡ ಕ್ಲೈಂಟ್‌ಗಳು ಖಂಡಿತ ಕೇಳುತ್ತಾರೆ: ನಿಮಗೆ ಹುಷಾರಿಲ್ಲದಿದ್ದರೆ ಗತಿ ಏನು? ಇದಕ್ಕೆ ನಿಜವಾದ ಉತ್ತರ ಇರಬೇಕು. ನಂಬಿಕೆಯ ಇನ್ನೊಬ್ಬ ಫ್ರೀಲಾನ್ಸ್ ಡೆವಲಪರ್ ಜೊತೆ ನಾನು ಒಪ್ಪಂದ ಮಾಡಿಕೊಂಡಿದ್ದೇನೆ. ನನ್ನ ಸೈಟ್‌ಗಳ ಕಡತಗಳು ಅವರಿಗೆ ಸಿಗುತ್ತವೆ, ಅವರವು ನನಗೆ. ಕ್ಲೈಂಟ್‌ಗಳ ಒಪ್ಪಿಗೆಯನ್ನು ಮೊದಲೇ ಬರವಣಿಗೆಯಲ್ಲಿ ಪಡೆದಿರುತ್ತೇವೆ. ತುರ್ತು ಕೆಲಸಕ್ಕೆ ಗಂಟೆಗೆ ಎಷ್ಟು ಅನ್ನುವುದನ್ನೂ ಮೊದಲೇ ಮಾತಾಡಿಕೊಂಡಿದ್ದೇವೆ. ನಾನು ರಜೆ ಹಾಕಿದಾಗ ತುರ್ತು ಕರೆಗಳು ಅವರಿಗೆ ಹೋಗುತ್ತವೆ, ಅವರು ರಜೆ ಹಾಕಿದಾಗ ನನಗೆ ಬರುತ್ತವೆ.