‘ಬಂತು’ ಹೋಗಿ ‘ಬಂದಳು’ ಆದದ್ದು: ನಾಯಿ ಹೇಳುವ ಕಾದಂಬರಿ ಬರೆದ ಅನುಭವ

ಮೊದಲ ಕರಡು ಓದಿ ಅಮ್ಮ ಹೇಳಿದ್ದು ಒಂದೇ ಮಾತು. "ಇದೆಲ್ಲಿ ನಾಯಿ ಕಣೋ? ನೀನೇ ನಾಲ್ಕು ಕಾಲಲ್ಲಿ ಓಡಾಡ್ತಾ ಇದ್ದೀಯ."

ಸಿಟ್ಟು ಬಂತು. ಆದರೆ ಮಾತು ನಿಜ. ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲಲ್ಲಿ ಬೆಳೆದ ಕರಿ ಹೆಣ್ಣುನಾಯಿಯೊಂದು ಎಚ್‌ಎಸ್‌ಆರ್ ಲೇಔಟಿನ ಅಪಾರ್ಟ್‌ಮೆಂಟ್ ಸೇರುತ್ತದೆ, ಬೇರೆ ಹೆಸರಲ್ಲಿ ಬೇರೆಯೇ ಬದುಕು ಶುರುಮಾಡುತ್ತದೆ. ಕಥೆ ಹೇಳುವುದೂ ಆ ನಾಯಿಯೇ. ಮೊದಲ ಕರಡಿನಲ್ಲಿ ಅದು ಅಂಗಡಿ ಬೋರ್ಡು ಓದುತ್ತಿತ್ತು. ಬೆಂಗಳೂರು ಹಾಳಾಯಿತು ಅಂತ ಎರಡು ಪುಟ ಭಾಷಣ ಬಿಗಿದಿತ್ತು. ಕೆಂಪು ಗುಲಾಬಿ ರಾಶಿ ನೋಡಿ ಮೈಮರೆತಿತ್ತು. ನಾಯಿಗಳ ಕಣ್ಣಿಗೆ ಚೆನ್ನಾಗಿ ತಿಳಿಯುವುದು ನೀಲಿ ಮತ್ತು ಹಳದಿ, ಕೆಂಪು ಬರೀ ಮಂಕು ಕಂದು. ಅಷ್ಟೂ ವಿಚಾರಿಸದೆ ಬರೆಯಲು ಕೂತಿದ್ದೆ ನಾನು.

ಪ್ರಾಣಿ ಬಾಯಿಬಿಟ್ಟು ಮಾತಾಡುವುದು ನಮಗೆ ಹೊಸದೇನಲ್ಲ. ಪುಣ್ಯಕೋಟಿ ಹುಲಿಗೆ ಭಾಷೆ ಕೊಟ್ಟಿದ್ದನ್ನು ಕೇಳಿಯೇ ಬೆಳೆದವರು ನಾವು. ಇನ್ನೊಂದು ಮಜಾ ಇದೆ. ನಾವು ‘ಕಾದಂಬರಿ’ ಅಂತ ಯಾವುದನ್ನು ಕರೆಯುತ್ತೇವೋ, ಆ ಹೆಸರು ಬಂದಿದ್ದು ಬಾಣ 7ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಕೃತಿಯಿಂದ. ನಾಗವರ್ಮ ಅದನ್ನು ಕನ್ನಡಕ್ಕೆ ತಂದ. ಅದರಲ್ಲಿ ಶೂದ್ರಕ ರಾಜನ ಮುಂದೆ ಕಥೆ ಶುರುಮಾಡುವುದು ಒಂದು ಗಿಳಿ! ಹಿಂದಿನ ಜನ್ಮದಲ್ಲಿ ಮಂತ್ರಿಯ ಮಗ ವೈಶಂಪಾಯನ, ಅದಕ್ಕೂ ಹಿಂದೆ ಪುಂಡರೀಕ ಎಂಬ ಋಷಿಕುಮಾರ. ಅಲ್ಲಿ ರೂಪ ಬದಲಾಯಿಸಲು ಶಾಪ ಇತ್ತು. ಎಚ್‌ಎಸ್‌ಆರ್‌ನಲ್ಲಿ ಶಾಪ ಕೊಡುವವರು ಯಾರು? ಅಸೋಸಿಯೇಷನ್‌ನವರು ನೋಟಿಸ್ ಕೊಡುತ್ತಾರೆ, ಅಷ್ಟೇ.

ಎರಡನೇ ಸಲ ಬರೆಯುವ ಮೊದಲು ಒಂದು ತಿಂಗಳು ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗಿ ಸುಮ್ನೆ ಕೂತೆ. ಒಂದು ಕಟ್ಟುನಿಟ್ಟು ಹಾಕಿಕೊಂಡೆ: ಮೂಗಿಗೆ ಸಿಗದ ಮಾತು ಬೇಡ. ಗಡಿಯಾರ ಹೋಯಿತು, ಡಿಕಾಕ್ಷನ್ ಇಳಿಯುವ ಹೊತ್ತು, ಕಸದ ಆಟೋ ಹಾಡು ಬರುವ ಹೊತ್ತು ಬಂತು. ಲಿಫ್ಟ್ ಅನ್ನುವ ಪದಕ್ಕೇ ಮೂರು ದಿನ ಒದ್ದಾಡಿದೆ. ಕೊನೆಗೆ ‘ಬಾಗಿಲು ಮುಚ್ಚಿ ತೆಗೆಯುವಷ್ಟರಲ್ಲಿ ಹೊರಗಿನ ವಾಸನೆಯನ್ನೆಲ್ಲ ಬದಲಾಯಿಸಿಬಿಡುವ ಡಬ್ಬಿ’ ಅಂತ ಬಂದಾಗ, ಸರಿ, ಈಗ ನಾಯಿ ಮಾತಾಡ್ತಿದೆ ಅನ್ನಿಸಿತು.

ಭಾಷೆಯೂ ಬದಲಾಗಬೇಕಿತ್ತು. ಮಾರ್ಕೆಟ್ಟಿನಲ್ಲಿ ಅದಕ್ಕೆ ಕನ್ನಡ, ತಮಿಳು, ಉರ್ದು ಎಲ್ಲದರಲ್ಲೂ ಬೈಗುಳ ಗೊತ್ತು. ‘ಹಚಾ’ ಅಂದರೆ ಓಡಬೇಕು, ಅಷ್ಟು ಸಾಕು. ಅಪಾರ್ಟ್‌ಮೆಂಟಿನಲ್ಲಿ ‘ಕಮ್’, ‘ಸಿಟ್’. ಮನೆಯಲ್ಲಿ ಅಚ್ಚ ಕನ್ನಡ ಮಾತಾಡುವವರೂ ನಾಯಿ ಜೊತೆ ಮಾತ್ರ ಇಂಗ್ಲಿಷ್ ಯಾಕೆ ಮಾತಾಡುತ್ತಾರೋ, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ರೂಪಾಂತರದ ಮೊದಲ ಮೆಟ್ಟಿಲು ಸಿಕ್ಕಿದ್ದು ನಮ್ಮ ಬೀದಿಯಲ್ಲೇ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹಿಡಿದುಕೊಂಡು ಹೋದ ಬೀದಿನಾಯಿಯನ್ನು, ಗುರುತಿಗೆ ಕಿವಿ ಸ್ವಲ್ಪ ಕತ್ತರಿಸಿ, ಹಿಡಿದ ಜಾಗಕ್ಕೇ ತಂದು ಬಿಡುತ್ತಾರೆ. ನಿಯಮವೇ ಹಾಗಿದೆ. ನಮ್ಮ ಬೀದಿಯದು ಹಾಗೆ ವಾಪಸು ಬಂದ ದಿನ ನಾನು ಗೇಟಿನಲ್ಲೇ ಇದ್ದೆ. ಜೊತೆಗೆ ಬೆಳೆದ ನಾಯಿಗಳೇ ಮೂಸಿ ಮೂಸಿ ಹಿಂದೆ ಸರಿದವು. ಒಂದಂತೂ ಹಲ್ಲು ಕಿರಿಯಿತು. ಮೈಯೆಲ್ಲ ಔಷಧಿ ವಾಸನೆ, ಅಲ್ವಾ? ಅದು ಚರಂಡಿ ಪಕ್ಕದ ಮಣ್ಣಲ್ಲಿ ತುಂಬಾ ಹೊತ್ತು ಹೊರಳಾಡಿತು. ಆ ಹೊರಳಾಟ ಹಾಗೇ ನನ್ನ ನಾಲ್ಕನೇ ಅಧ್ಯಾಯವಾಯಿತು.

ಆದರೆ ನಿಜವಾದ ಕೀಲಿ ಇದ್ದದ್ದು ವ್ಯಾಕರಣದಲ್ಲಿ. ಕನ್ನಡದಲ್ಲಿ ‘ನಾನು ಬಂದೆ’ ಅಂತ ಗಂಡು, ಹೆಣ್ಣು, ನಾಯಿ ಯಾರು ಬೇಕಾದರೂ ಹೇಳಬಹುದು. ಗುಟ್ಟು ರಟ್ಟಾಗುವುದು ಬೇರೆಯವರ ಬಾಯಲ್ಲಿ. ಮಾರ್ಕೆಟ್ಟಿನವರಿಗೆ ಅದು ‘ಬಂತು’. ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೂ ‘ಬಂತು’. ಹನ್ನೊಂದನೇ ಅಧ್ಯಾಯದಲ್ಲಿ ಮನೆಯ ಮಗು ಮೊದಲ ಸಲ "ಅಮ್ಮಾ, ಕೋಕೋ ಬಂದ್ಲು" ಅನ್ನುತ್ತದೆ. ಆಮೇಲೆ ಅಮ್ಮ. ಅಪ್ಪನನ್ನು ಮಾತ್ರ ‘ಅದು’ ಮೇಲೇ ನಿಲ್ಲಿಸಿದೆ. ದೀಪಾವಳಿ ರಾತ್ರಿ ಪಟಾಕಿಗೆ ಹೆದರಿ ನಾಯಿ ಮಂಚದ ಕೆಳಗೆ ನಡುಗುತ್ತಾ ಕೂತಾಗ ಅವನು ನೆಲಕ್ಕೆ ಬಗ್ಗಿ ನೋಡಿ, "ಹೆದ್ರಿದ್ದಾಳೆ ಕಣೇ" ಅನ್ನುತ್ತಾನೆ. ಎಷ್ಟು ಉಬ್ಬಸಪಟ್ಟರೂ ಬರೆಯಲಾಗದ ಬದಲಾವಣೆ ಆ ಒಂದು ಪ್ರತ್ಯಯದಲ್ಲಿ ಆಗಿಹೋಯಿತು. ವಿವರಣೆ ಒಂದು ಸಾಲೂ ಸೇರಿಸಲಿಲ್ಲ.

ಸೇರಿಸದೇ ಇದ್ದದ್ದಕ್ಕೆ ದಂಡವನ್ನೂ ಕಟ್ಟಿದೆ. ಕರಡು ತಿದ್ದುವವರು ಇದನ್ನೆಲ್ಲ ನನ್ನ ತಪ್ಪು ಅಂದುಕೊಂಡು, ಮೊದಲ ಪುಟದಿಂದ ಕೊನೆವರೆಗೆ ಎಲ್ಲ ‘ಅದು’ಗಳನ್ನೂ ‘ಅವಳು’ ಮಾಡಿ ಕಳಿಸಿದರು. ಪಾಪ, ತುಂಬಾ ಶ್ರದ್ಧೆಯ ಮನುಷ್ಯ. ವಾಪಸು ಒಂದೊಂದಾಗಿ ಬದಲಾಯಿಸಲು ಎರಡು ವಾರ ಹಿಡಿಯಿತು. ಬದಲಾಯಿಸುತ್ತಾ, ಇನ್ನೂ ಮೂರು ಕಡೆ ನಾನೇ ಎಡವಿದ್ದು ಸಿಕ್ಕಿತು ಅನ್ನಿ.

ಕೊನೆ ಅಧ್ಯಾಯ ಜಾಸ್ತಿ ಕಾಡಿತು. ಕೋಕೋ ತಪ್ಪಿಸಿಕೊಂಡು ಮಾರ್ಕೆಟ್ಟಿಗೆ ಬರುತ್ತಾಳೆ. ಹೂವಿನ ಅಜ್ಜಿ ಅವಳನ್ನು ಹಳೇ ಹೆಸರಲ್ಲಿ ‘ಕರೀ’ ಅಂತ ಕರೆದರೆ ಹಳೇ ಬದುಕು ಗೆದ್ದ ಹಾಗೆ. ಕೊರಳಪಟ್ಟಿ ನೋಡಿ ‘ಯಾರ ಮನೇದೋ’ ಅಂದರೆ ಹೊಸದು ಗೆದ್ದ ಹಾಗೆ. ಎರಡೂ ಬರೆದು ನೋಡಿದೆ. ಎರಡೂ ಸುಳ್ಳು ಅನ್ನಿಸಿತು. ಒಂದು ದಿನ ಬೆಳಗ್ಗೆ ಅದೇ ಸಾಲಲ್ಲಿ ಕೂತಿದ್ದಾಗ, ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು ತಲೆ ಎತ್ತದೆ ಯಾರಿಗೋ "ಬಂದ್ಯಾ?" ಅಂದರು. ತಿರುಗಿ ನೋಡಿದರೆ ಮೊಮ್ಮಗನೂ ನಿಂತಿದ್ದ, ಹಿಂದೆ ಒಂದು ನಾಯಿಯೂ ನಿಂತಿತ್ತು. ಕೇಳಿದ್ದು ಯಾರನ್ನು ಅಂತ ನನಗೆ ತಿಳಿಯಲಿಲ್ಲ. ಆ ಮಾತಿಗೆ ಹೆಸರೂ ಬೇಕಾಗಿಲ್ಲ, ಲಿಂಗವೂ ಬೇಕಾಗಿಲ್ಲ.

ಮನೆಗೆ ಬಂದು ಕೊನೆಯ ನಾಲ್ಕು ಪುಟ ಹರಿದೆ. ಈಗ ನನ್ನ ಕಾದಂಬರಿಯ ಹೂವಿನ ಅಜ್ಜಿಯೂ ಅಷ್ಟೇ ಕೇಳುತ್ತಾಳೆ. ನಾಯಿ ಬುಟ್ಟಿ ಪಕ್ಕ ಹೋಗಿ ಕೂರುತ್ತದೆ.