ಮಂಡಿಯ ಲೆಕ್ಕ ಲಿನಕ್ಸ್‌ಗೆ ಬಂದ ಬಗೆ

ಮಂಡ್ಯದ ಎಪಿಎಂಸಿ ಯಾರ್ಡಿನಲ್ಲಿರುವ ಒಂದು ಬೆಲ್ಲದ ಮಂಡಿಯ ವೆಬ್‌ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಆಲೆಮನೆಯಿಂದ ಅಚ್ಚು ಬೆಲ್ಲ, ಬಕೆಟ್ ಬೆಲ್ಲ ಬರುತ್ತದೆ. ಗುಮಾಸ್ತ ತೂಕ, ದರ, ಲಾಟ್ ನಂಬರ್ ಹಾಕುತ್ತಾನೆ. ರೈತರ ಕೈಗೆ ಪಟ್ಟಿ, ಅಂದರೆ ಲೆಕ್ಕದ ಚೀಟಿ ಸಿಗುತ್ತದೆ. ಕೆಲಸ ಸಣ್ಣದೇ, ಆದರೆ ಅದರೊಳಗೆ ಇರುವುದು ರೈತರ ದುಡ್ಡು.

ಇದು ಓಡುತ್ತಿದ್ದದ್ದು ವಿಂಡೋಸ್ ಸರ್ವರ್ 2012 ಆರ್2 ಮೇಲೆ. 2023ರ ಅಕ್ಟೋಬರ್ 10ಕ್ಕೆ ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿಯಿತು. ಹೊಸ ವಿಂಡೋಸ್ ಹೋಸ್ಟಿಂಗ್‌ಗೆ ಕೇಳಿದ ದರ ಮಂಡಿಗೆ ಜಾಸ್ತಿ ಆಯಿತು. ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್. ಯಜಮಾನರು ನನ್ನನ್ನು ಕೇಳಿದರು: "ಲಿನಕ್ಸ್‌ನಲ್ಲಿ ಓಡಲ್ವಾ ಇದು?"

ಓಡುತ್ತದೆ. ಆದರೆ ಸುಮ್ನೆ ಫೈಲ್ ಕಾಪಿ ಮಾಡಿದರೆ ಓಡುವುದಿಲ್ಲ.

ನಮ್ಮ ಸೈಟಿನಲ್ಲಿ ಎರಡು ಕಾಲದ ಕೋಡ್ ಇತ್ತು. ದಿನದ ದರ, ಹಳೆಯ ಖಾತೆ ತೋರಿಸುವ ಪುಟಗಳು ಹಳೇ ಎಎಸ್‌ಪಿ, ಅಂದರೆ ವಿಬಿಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ, ಮೈಕ್ರೋಸಾಫ್ಟಿನ ಹಳೆಯ ಬಗೆಯ ವೆಬ್ ಪುಟಗಳು. ಪಟ್ಟಿ ಹಾಕುವ ಪುಟಗಳು ಅದರ ನಂತರ ಬಂದ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್. ಎರಡಕ್ಕೂ ಹಿಂದೆ ಒಂದೇ ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸ್.

ವೆಬ್ ಫಾರ್ಮ್ಸ್‌ಗೆ ಮೋನೋ ಇದೆ, ಡಾಟ್ ನೆಟ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ ಅದು. 2004ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಹಿಂದೆ ಮೋನೋದ ಫಾಸ್ಟ್‌ಸಿಜಿಐ ಸರ್ವರ್ ಕೂರಿಸಿದೆ. ಇದನ್ನು ಹಾಕಲು ರೂಟ್ ಅಧಿಕಾರ, ಅಂದರೆ ಸರ್ವರಿನ ಮೇಲೆ ಪೂರ್ತಿ ಹಿಡಿತ ಬೇಕು. ಹಾಗಾಗಿ ಹಲವರು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್ ಬಿಟ್ಟು ಸಣ್ಣ ವಿಪಿಎಸ್, ಅಂದರೆ ನಮಗೇ ಮೀಸಲಾದ ವರ್ಚುವಲ್ ಸರ್ವರ್ ತೆಗೆದುಕೊಂಡೆ.

ವಿಬಿಸ್ಕ್ರಿಪ್ಟ್‌ಗೆ ಅಂಥ ದಾರಿ ಸಿಗಲಿಲ್ಲ. ಲಿನಕ್ಸ್‌ನಲ್ಲಿ ಎಎಸ್‌ಪಿ ಓಡಿಸಲು ಒಂದು ಕಾಲಕ್ಕೆ ಚಿಲಿಸಾಫ್ಟ್ ಎಎಸ್‌ಪಿ ಇತ್ತು, ಆಮೇಲೆ ಸನ್ ಕಂಪನಿಯ ಕೈಗೆ ಹೋಯಿತು, ಈಗ ಇಲ್ಲ. ಅಪಾಚೆ ಎಎಸ್‌ಪಿ ಎಂಬುದೊಂದಿದೆ, ಅದಕ್ಕೆ ವಿಬಿಸ್ಕ್ರಿಪ್ಟ್ ಅಲ್ಲ, ಪರ್ಲ್ ಭಾಷೆ ಬೇಕು. ಹಾಗಾಗಿ ಹದಿನಾಲ್ಕು ಪುಟಗಳನ್ನು ಪಿಎಚ್‌ಪಿ ಭಾಷೆಯಲ್ಲಿ ಕೈಯಾರೆ ಮತ್ತೆ ಬರೆದೆ. ವಿಬಿಸ್ಕ್ರಿಪ್ಟ್‌ಗೆ ವೇರಿಯಬಲ್ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ಭೇದವಿಲ್ಲ. ಪಿಎಚ್‌ಪಿಗೆ ಇದೆ. ಮೊದಲ ಎರಡು ದಿನ ಅರ್ಧ ಹೊತ್ತು ಅದಕ್ಕೇ ಹೋಯಿತು. ಲಿನಕ್ಸ್‌ನಲ್ಲಿ ಫೈಲ್ ಹೆಸರಿನಲ್ಲೂ ಅದೇ ಕತೆ. ಕೊನೆಗೆ ಎಲ್ಲ ಚಿತ್ರ, ಎಲ್ಲ ಲಿಂಕನ್ನೂ ಚಿಕ್ಕಕ್ಷರಕ್ಕೆ ತಂದೆ.

ಇನ್ನೊಂದು ಮಾತು. ಹಳೇ ಎಎಸ್‌ಪಿ ಫೈಲುಗಳನ್ನು ಲಿನಕ್ಸ್ ಸರ್ವರಿನ ವೆಬ್ ಫೋಲ್ಡರಿನಲ್ಲಿ ಹಾಗೇ ಬಿಡಬೇಡಿ. ಸರ್ವರ್‌ಗೆ ಅದು ಪ್ರೋಗ್ರಾಂ ಎಂದೇ ಗೊತ್ತಾಗುವುದಿಲ್ಲ. ಯಾರು ಕೇಳಿದರೂ ಒಳಗಿನ ಕೋಡನ್ನು ಪಾಸ್‌ವರ್ಡ್ ಸಮೇತ ಕೊಟ್ಟುಬಿಡುತ್ತದೆ.

ಆಕ್ಸೆಸ್ ಡೇಟಾಬೇಸ್ ಓದಲು ಬೇಕಾದ ಜೆಟ್ ಡ್ರೈವರ್ ಲಿನಕ್ಸ್‌ನಲ್ಲಿಲ್ಲ. ಆಕ್ಸೆಸ್ ಫೈಲ್ ಓದುವ ಎಂಡಿಬಿ ಟೂಲ್ಸ್ ಬಳಸಿ ಒಂದೊಂದೇ ಟೇಬಲ್ ಹೊರತೆಗೆದು ಮರಿಯಾ ಡಿಬಿ ಎಂಬ ಡೇಟಾಬೇಸಿಗೆ ಹಾಕಿದೆ. ಆಗ ಎದುರಾದದ್ದು ಹೆಸರುಗಳ ಸಮಸ್ಯೆ. ರೈತರ ಹೆಸರು, ಊರಿನ ಹೆಸರು ಎಲ್ಲ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆಗಿದ್ದವು. ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್, ಫೋನಿಗೂ ಒಂದೇ ಆದ ಅಕ್ಷರ ಸಂಕೇತ ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಮೇಲೆ ಫಾಂಟ್ ಕನ್ನಡದ ಆಕಾರ ಕೊಡುತ್ತಿತ್ತು. ಫಾಂಟ್ ಇದ್ದ ಮಂಡಿಯ ಕಂಪ್ಯೂಟರಿನಲ್ಲಿ ಮಾತ್ರ ಓದಲು ಬರುತ್ತಿತ್ತು. ರೈತ ತನ್ನ ಫೋನಿನಲ್ಲಿ ನೋಡಿದರೆ ತನ್ನ ಹೆಸರೇ ಅವನಿಗೆ ಕಾಣುತ್ತಿರಲಿಲ್ಲ. ಇಷ್ಟು ವರ್ಷ ಇದನ್ನು ಹಾಗೇ ಬಿಟ್ಟಿದ್ದೆನಲ್ಲ ಎಂದು ನನಗೆ ನಿಜವಾಗಿಯೂ ಬೇಸರವಾಯಿತು.

ಪರಿವರ್ತಕ ಹಾಕಿ ಯೂನಿಕೋಡ್ ಮಾಡಿದೆ. ಬಹುಪಾಲು ಸರಿ ಬಂತು. ಕಾಟ ಕೊಟ್ಟದ್ದು ಅರ್ಕಾವತ್ತು. ನುಡಿಯಲ್ಲಿ ಅದನ್ನು ಅಕ್ಷರದ ನಂತರ ಟೈಪ್ ಮಾಡಿ ಇಟ್ಟಿರುತ್ತಾರೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಅದನ್ನು ಹಿಂದಕ್ಕೆ ಸರಿಸದಿದ್ದರೆ ಕೃಷ್ಣಮೂರ್ತಿ ಹೋಗಿ ಕೃಷ್ಣಮೂತಿರ್ ಆಗುತ್ತದೆ. ನಮ್ಮ ರೈತರ ಹೆಸರಿನ ಪಟ್ಟಿಯಲ್ಲಿ ಮೂರ್ತಿಗಳು ಬಹಳ ಜನ. ಒಂದು ಸಣ್ಣ ನಿಯಮ ಬರೆದು ಸರಿಪಡಿಸಿದೆ. ಆಮೇಲೂ ಹೆಸರಿನ ಇಡೀ ಪಟ್ಟಿ ಪ್ರಿಂಟ್ ತೆಗೆದು ಗುಮಾಸ್ತನ ಜೊತೆ ಕೂತು ಒಂದೊಂದೇ ಹೆಸರು ಓದಿದೆವು. ಯಾರು ಯಾವ ಊರಿನವರು ಎನ್ನುವುದು ಅವನಿಗೆ ಬಾಯಿಪಾಠ.

ಡಿಸೆಂಬರ್ 1ಕ್ಕೆ ಹೊಸ ಸರ್ವರಿನಲ್ಲಿ ಕೆಲಸ ಶುರುವಾಯಿತು. ಹನ್ನೆರಡು ದಿನ ಒಂದೂ ತೊಂದರೆ ಇಲ್ಲ. ಹದಿಮೂರನೇ ತಾರೀಖು ಬೆಳಗ್ಗೆ ಗುಮಾಸ್ತನ ಫೋನ್. "ಅಣ್ಣಾ, ತಾರೀಕು ಹಾಕುದ್ರೆ ಕೆಂಪು ಅಕ್ಸರ ಬತ್ತಾದೆ, ವಸಿ ನೋಡಿ."

ಹದಿಮೂರು ಎಂದ ಕೂಡಲೇ ನನಗೆ ಎದೆ ಧಸಕ್ಕೆಂದಿತು. ಹಳೆಯ ವಿಂಡೋಸಿನಲ್ಲಿ ಪ್ರದೇಶ ಇಂಡಿಯಾ ಎಂದಿತ್ತು. 05/12/2023 ಎಂದರೆ ಡಿಸೆಂಬರ್ 5. ಲಿನಕ್ಸ್‌ನಲ್ಲಿ ನಾನು ಮೋನೋವನ್ನು ಸಿಸ್ಟಂಡಿ, ಅಂದರೆ ಸೇವೆಗಳನ್ನು ತಾನಾಗಿ ಶುರುಮಾಡುವ ವ್ಯವಸ್ಥೆಯ ಮೂಲಕ ಶುರುಮಾಡಿದ್ದೆ. ಅಲ್ಲಿ ಭಾಷೆ, ಪ್ರದೇಶ ಏನೂ ಹೇಳಿರಲಿಲ್ಲ. ಹೇಳದಿದ್ದರೆ ಅದು ತಿಂಗಳನ್ನೇ ಮೊದಲು ಓದುತ್ತದೆ. ಡಿಸೆಂಬರ್ 5ರ ಲಾಟು ಮೇ 12ಕ್ಕೆ ಹೋಗಿ ಕೂತಿತ್ತು. ಹದಿಮೂರನೇ ತಿಂಗಳು ಇಲ್ಲವಲ್ಲ, ಅದಕ್ಕೇ ಅವತ್ತು ಎರರ್ ಬಂತು.

ಅಲ್ಲಿಯವರೆಗೆ ಯಾಕೆ ಗೊತ್ತಾಗಲಿಲ್ಲ? ಬರೆಯುವಾಗ ತಿರುವುಮುರುವು, ಓದುವಾಗಲೂ ಅದೇ ತಿರುವುಮುರುವು. ಪಟ್ಟಿಯಲ್ಲಿ 05/12/2023 ಎಂದೇ ಪ್ರಿಂಟ್ ಆಗುತ್ತಿತ್ತು. ಆ ದಿನದ ವರದಿ ಕೇಳಿದರೂ ಸರಿಯಾಗೇ ಬರುತ್ತಿತ್ತು. ಹಳೆಯ ಲೆಕ್ಕದಲ್ಲಿ ನಾನು ಮೊತ್ತ ಮಾತ್ರ ತಾಳೆ ನೋಡಿದ್ದೆ, ತಾರೀಖಿನ ಕಾಲಂ ನೋಡಿರಲಿಲ್ಲ. ಅದು ನನ್ನ ತಪ್ಪು. ಯಜಮಾನರಿಗೆ ಅವತ್ತೇ ಮೈಸೂರಿನಿಂದ ಮಂಡ್ಯಕ್ಕೆ ಹೋಗಿ ಮುಖಾಮುಖಿ ಹೇಳಿದೆ.

ಸರಿ ಮಾಡಿದ್ದು ಹೀಗೆ. ಮೊದಲು ಪೂರ್ತಿ ಬ್ಯಾಕಪ್. ಸೈಟಿನ ಸೆಟ್ಟಿಂಗ್ ಇರುವ ವೆಬ್ ಕಾನ್ಫಿಗ್ ಫೈಲಿನಲ್ಲಿ ಭಾಷೆ, ಪ್ರದೇಶ ಹೇಳುವ ಗ್ಲೋಬಲೈಸೇಶನ್ ಸಾಲಿನಲ್ಲಿ ಇಂಗ್ಲಿಷ್ ಇಂಡಿಯಾ ಎಂದು ಹಾಕಿದೆ. ಕೋಡಿನಲ್ಲೂ ದಿನ, ತಿಂಗಳು, ವರ್ಷ ಈ ಕ್ರಮದಲ್ಲೇ ಓದು ಎಂದು ಖಡಕ್ಕಾಗಿ ಬರೆದೆ. ಲಾಟ್ ನಂಬರ್ ಏರುತ್ತಾ ಹೋಗುವುದರಿಂದ ಡಿಸೆಂಬರ್ 1ರ ಮೊದಲ ಲಾಟ್ ಯಾವುದು ಎಂದು ಗೊತ್ತಿತ್ತು. ಅಲ್ಲಿಂದ ಮುಂದಿನ ಸಾಲುಗಳಲ್ಲಿ ಮಾತ್ರ ದಿನ, ತಿಂಗಳು ಅದಲುಬದಲು ಮಾಡಿದೆ. ಆಮೇಲೆ ಕಾಗದದ ಪಟ್ಟಿಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಹನ್ನೆರಡು ದಿನದ್ದನ್ನೂ ತಾಳೆ ನೋಡಿದೆವು. ರಾತ್ರಿ ಒಂಬತ್ತಾಯಿತು. ಒಂದು ರೂಪಾಯಿಯೂ ಆಚೀಚೆ ಆಗಿರಲಿಲ್ಲ.

ಈಗ ಇನ್ನೊಂದು ಕೆಲಸ ಹಿಡಿದಿದ್ದೇನೆ. 2024ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಮೋನೋವನ್ನು ವೈನ್ ತಂಡಕ್ಕೆ, ಅಂದರೆ ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶದವರಿಗೆ ಕೊಟ್ಟಿತು. ರೈತರ ಲೆಕ್ಕವನ್ನು ಬಹಳ ವರ್ಷ ಅದರ ಮೇಲೆ ಬಿಡಲು ನನಗೆ ಮನಸ್ಸಿಲ್ಲ. ಮೈಕ್ರೋಸಾಫ್ಟಿನ ಹೊಸ ಪೀಳಿಗೆಯ ಡಾಟ್ ನೆಟ್ 8 ಲಿನಕ್ಸ್‌ನಲ್ಲಿ ನೇರವಾಗಿ ಓಡುತ್ತದೆ, ಆದರೆ ಅದರಲ್ಲಿ ವೆಬ್ ಫಾರ್ಮ್ಸ್ ಇಲ್ಲ. ಪಟ್ಟಿ ಹಾಕುವ ಪುಟವನ್ನು ಹೊಸದಾಗಿ ಬರೆಯುತ್ತಿದ್ದೇನೆ. ಪರೀಕ್ಷೆಗೆ ನಾನು ಮೊದಲು ಟೈಪ್ ಮಾಡುವ ತಾರೀಖು 05/12, ಎರಡನೆಯದು 13/12, ಹೆಸರು ಕೃಷ್ಣಮೂರ್ತಿ.